ಪರದೆಯ ಮೇಲಿನ ಕುಂಕುಮ

ಗೆಳೆಯರೇ, ಸಿಟ್ಟು ಇನ್ನೂ ಇಳಿದಿಲ್ಲ. ಬೆಳಿಗ್ಗೆ ಮಾನ್ವಿಯ ಮನೆಯ ಬಚ್ಚಲಲ್ಲಿ ಅವ್ವ ಜಾರಿಬಿದ್ದು ತಲೆಗೆ ಪೆಟ್ಟಾಯಿತು. ರಾಯಚೂರಿನ ಆಸ್ಪತ್ರೆಗೆ ಕರೆತಂದು ಸ್ಕ್ಯಾನ್ ಮಾಡಿಸಿದೆ. ತಲೆಯೊಳಗೆ ರಕ್ತ ಸೋರುತ್ತಿದ್ದರೆ ಕಂಪ್ಯೂಟರೇ ಕೆಂಪು ಗುರುತು ಹಾಕಿ ತೋರಿಸುತ್ತದೆ ಎಂದು ಅಲ್ಲಿ ಗೋಡೆ ತುಂಬ ಬರೆದಿದ್ದಾರೆ.

ಟೆಕ್ನೀಷಿಯನ್, "ಏನಿಲ್ರೀ, ಅರಾಮ ಕರ್ಕೊಂಡು ಹೋಗ್ರಿ" ಎಂದ. ಪರದೆಯಲ್ಲಿ ಅವ್ವನ ತಲೆಯ ಚಿತ್ರದ ಮೇಲೆ ಕೆಂಪು ಚುಕ್ಕೆಯೊಂದಿತ್ತು.

"ಅದೇನ್ರೀ ಕೆಂಪು?"

"ಕುಂಕುಮ ರೀ. ನಿನ್ನಿ ಮಷೀನ್ ಪೂಜಿ ಮಾಡೀವಿ" ಎಂದು ಕರವಸ್ತ್ರದಿಂದ ತಿಕ್ಕಿದ. ಹೋಗಲಿಲ್ಲ. ಬೆರಳಿಗೆ ಎಂಜಲು ಹಚ್ಚಿ ತಿಕ್ಕಿದ! ಅಷ್ಟರಲ್ಲಿ ಮೊಣಕೈ ಕೀಬೋರ್ಡಿಗೆ ತಾಗಿ ಅವ್ವನ ತಲೆಯದೇ ಮುಂದಿನ ಚಿತ್ರ ಬಂತು. ಚುಕ್ಕೆ ದೊಡ್ಡದಾಗಿತ್ತು.

"ಕುಂಕುಮ ಬೆಳೀತದೇನ್ಲೇ? ಡಾಕ್ಟರನ್ನ ಕರಿ!" ಎಂದು ಕಿರುಚಿದೆ.

ಡಾಕ್ಟರು ನೋಡಿದವರೇ ಅವ್ವನನ್ನು ಐಸಿಯುಗೆ ಒಯ್ದರು. ರಕ್ತವೇ ಸೋರುತ್ತಿತ್ತು. ಇವನ ಮಾತು ಕೇಳಿ ಬಸ್ ಹತ್ತಿದ್ದರೆ? ಈಗ ಅವ್ವ ಮಾತಾಡುತ್ತಿದ್ದಾಳೆ.

ಸಂಜೆ ಅವನೇ ಬಂದು, "ತಪ್ಪಾತ್ರೀ ಅಕ್ಕಾ, ಇನ್ನ ಮ್ಯಾಲೆ ಕುಂಕುಮ ಹಚ್ಚಂಗಿಲ್ಲ" ಎಂದ.

ಹಚ್ಚಪ್ಪಾ, ಊದುಬತ್ತಿಯನ್ನೂ ಬೆಳಗು. ಆದರೆ ನೀನು ಪೂಜಿಸಿದ ದೇವರು ಬಾಯಿಬಿಟ್ಟು ಹೇಳುವಾಗ, ಅದರ ಬಾಯಿ ಒರೆಸಬೇಡ.