ತರಿಯಿಲ್ಲದ ಬೀದಿ

ಗಡಿಯಾರ ರಿಪೇರಿಯವನಿಗೆ ಐವತ್ತು ದಾಟಿದ ಮೇಲೆ ಕ್ಯಾಮೆರಾದ ಹುಚ್ಚು ಹಿಡಿದದ್ದೇ ತಡ, ಫೋಟೋದೊಳಗಿನ ತರಿ ಅವನ ಪರಮ ವೈರಿಯಾಯಿತು. ಮಬ್ಬು ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಮರಳು ಎರಚಿದಂತೆ ಕಾಣುವ ಆ ಚುಕ್ಕೆಗಳನ್ನು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕಂಪ್ಯೂಟರಿನ ಪರದೆಗೆ ಮೂಗು ತಾಗಿಸಿ ಹುಡುಕುತ್ತಾನೆ; ಅಂಗಡಿಯ ಗಡಿಯಾರಗಳು ಒಂದೊಂದೂ ಒಂದೊಂದು ಗಂಟೆ ತೋರಿಸುತ್ತಿದ್ದರೂ ಅವನಿಗೆ ಅದರ ಪರಿವೆಯಿಲ್ಲ. ಕೊನೆಗೆ ಯಾವುದೋ ವಿಡಿಯೋ ನೋಡಿ ಇದಕ್ಕೊಂದು ಮದ್ದು ಕಲಿತ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ಅದೇ ಬೀದಿಯ ಹದಿನಾರು ಫೋಟೋ ತೆಗೆಯುವುದು, ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದಿಟ್ಟು ಬೆರೆಸುವುದು. ಹದಿನಾರರಲ್ಲೂ ಇದ್ದಲ್ಲೇ ಇರುವುದಷ್ಟೇ ಉಳಿದು, ತರಿ ಕರಗುತ್ತದೆ; ಅದರ ಜೊತೆಗೆ ಬೀದಿಯಲ್ಲಿ ನಡೆದುಹೋದವರೂ ಕರಗುತ್ತಾರೆ. "ಏನಯ್ಯಾ, ಬೀದೀಲಿ ಒಂದು ನರಪಿಳ್ಳೆನೂ ಇಲ್ವಲ್ಲ!" ಎಂದು ಎದುರಂಗಡಿಯ ದರ್ಜಿ ನಕ್ಕರೆ, "ಗೋಡೆ ನೋಡು, ಬೆಣ್ಣೆ ಥರ ಇದೆ" ಎಂದು ಬೀಗುತ್ತಾನೆ. ಬೆಂಚು, ಕಂಬ, ಮುಚ್ಚಿದ ಬಾಗಿಲು, ಹೀಗೆ ಅಲ್ಲಾಡದವುಗಳ ಸಂಸಾರವೇ ಅವನ ಅಂಗಡಿಯ ಗೋಡೆ ತುಂಬ ನೇತಾಡುತ್ತದೆ. ಅವುಗಳ ನಡುವೆ ಒಂದೇ ಒಂದು ಚಿತ್ರ ಮಾತ್ರ ತರಿತರಿ: ಒಂಬತ್ತು ವರ್ಷ ಮಾತು ಬಿಟ್ಟಿದ್ದ ತಂಗಿ, ಅಮ್ಮನ ಕೈಗಡಿಯಾರಕ್ಕೆ ಸೆಲ್ ಹಾಕಿಸಲು ಬಂದು, ಅಂಗಡಿಯ ಕತ್ತಲೆ ಮೂಲೆಯ ಸ್ಟೂಲಿನ ಮೇಲೆ ಕೂತದ್ದು. "ಇದನ್ಯಾಕೆ ಹೀಗೇ ಬಿಟ್ಟಿದೀಯ? ಇದಕ್ಕೂ ಹದಿನಾರು ತೆಗೀಬೇಕಿತ್ತು" ಎಂದ ದರ್ಜಿ. ಗಡಿಯಾರದವನು ಭೂತಗನ್ನಡಿ ತೆಗೆದು, ಅಂಗಿಯ ತುದಿಯಿಂದ ಒರೆಸಿದ. "ಸೆಲ್ ಹಾಕೋಕೆ ಎಷ್ಟು ಹೊತ್ತು ಬೇಕು ಹೇಳು? ಒಂದು ತೆಗೆಯೋಷ್ಟರಲ್ಲಿ ಎದ್ದುಬಿಟ್ಟಳು."