ಮೂವತ್ತೊಂದನೆಯ ತುಂಡು

ಜವಳಗೇರಾ ಕಡೆಯ ಒಂದು ಹೈಸ್ಕೂಲಿನಲ್ಲಿ ವರ್ಷಾನುಗಟ್ಟಲೆ ಗಣಿತ ಕಲಿಸಿದ ಗದ್ದೆಮ್ಮ ಟೀಚರಿಗೆ ಗಣಿತ ಕಂಡರೆ ಭಯ. ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳ ಕೈಯಲ್ಲಿ ಕಲಿತ ಮಕ್ಕಳು ಹತ್ತನೇ ತರಗತಿಯ ಗಣಿತದಲ್ಲಿ ನಪಾಸಾಗುವುದೇ ಅಪರೂಪ. ಸಿಂಧನೂರಿನಲ್ಲಿ ಶಿಕ್ಷಕರ ಸಭೆ ನಡೆದಾಗಲೆಲ್ಲ ಅವಳನ್ನು ಮುಂದಿನ ಸಾಲಿಗೆ ಕರೆದು ಕೂಡಿಸುತ್ತಿದ್ದರು. ಅವಳೂ ಬಿಳಿ ಸೀರೆಯ ಸೆರಗು ಸರಿಪಡಿಸಿಕೊಂಡು ಗಂಭೀರವಾಗಿ ಕೂಡುತ್ತಿದ್ದಳು. ಎದೆಯೊಳಗಿನ ಡವಡವ ಮಾತ್ರ ಯಾರಿಗೂ ಕೇಳುತ್ತಿರಲಿಲ್ಲ.

ಅವಳ ಅಪ್ಪ ಆದೆಪ್ಪನದು ಮುದಗಲ್‌ನಲ್ಲಿ ಬಟ್ಟೆಯ ಅಂಗಡಿ. ಗಣಿತದ ಟೀಚರಾದರೆ ನೌಕರಿ ಜಲ್ದಿ ಸಿಗುತ್ತದೆಂದು ಯಾರೋ ಗಿರಾಕಿ ಅವನ ಕಿವಿಯಲ್ಲಿ ಊದಿದ್ದೇ ತಡ, ಮಗಳನ್ನು ಬಿ.ಎಸ್ಸಿ.ಗೆ ಸೇರಿಸಿಬಿಟ್ಟ. ಬೇರೆಯವರು ವಚನ ಬಾಯಿಪಾಠ ಮಾಡಿದ ಹಾಗೆ ಗದ್ದೆಮ್ಮ ಪ್ರಮೇಯಗಳನ್ನು ಬಾಯಿಪಾಠ ಮಾಡಿದಳು. ಜ್ಞಾಪಕಶಕ್ತಿ ಗಟ್ಟಿಯಿತ್ತು, ಪಾಸಾದಳು, ನೌಕರಿಯೂ ಸಿಕ್ಕಿತು. ಪಠ್ಯಪುಸ್ತಕದ ಯಾವ ಲೆಕ್ಕ ಎಲ್ಲಿದೆ, ಅದರ ಹಂತಗಳು ಯಾವುವು, ಕಣ್ಣು ಮುಚ್ಚಿ ಹೇಳುತ್ತಿದ್ದಳು. ಪುಸ್ತಕದಲ್ಲಿಲ್ಲದ ಒಂದು ಲೆಕ್ಕ ಎದುರಿಗೆ ಬಂದರೆ ಮಾತ್ರ ಅಂಗೈ ಬೆವರುತ್ತಿತ್ತು. ಅಂಥ ಲೆಕ್ಕ ಯಾರೂ ಕೇಳುತ್ತಿರಲಿಲ್ಲವಾದ್ದರಿಂದ ಬದುಕು ಹೇಗೋ ನಡೆದಿತ್ತು.

ಒಂಬತ್ತನೇ ತರಗತಿಗೆ ಮಾಸುಂಬಿ ಬಂದ ಮೇಲೆ ಆ ನೆಮ್ಮದಿಯೂ ಹೋಯಿತು. ಟ್ರ್ಯಾಕ್ಟರ್ ಓಡಿಸುವ ಮಕ್ತುಮ್‌ಸಾಬನ ಮಗಳು, ಕಡ್ಡಿಯಂಥ ಹುಡುಗಿ, ಎರಡನೇ ಬೆಂಚಿನಲ್ಲಿ ಕೂಡುತ್ತಿದ್ದಳು. ಲೆಕ್ಕ ಮುಗಿಸಿ ಬೋರ್ಡಿನ ಕೆಳಗೆ ಗೆರೆ ಎಳೆದ ಕೂಡಲೇ ಆಕೆಯ ಕೈ ಮೇಲೇಳುತ್ತಿತ್ತು.

"ಟೀಚರ್, ಹಂಗ್ಯಾಕ್ರೀ?"

"ಸೂತ್ರ ಐತಲ್ಲ, ಅದಕ್ಕ."

"ಸೂತ್ರ ಯಾಕ ಹಂಗ ಐತ್ರೀ?"

ಗದ್ದೆಮ್ಮ ಸಿಟ್ಟಿನವಳಲ್ಲ. ಆದರೆ ಈ "ಯಾಕ"ಕ್ಕೆ ಸಿಟ್ಟು ಬಂದಂತೆ ನಟಿಸುವುದನ್ನು ಕಲಿತಳು. ಸಿಟ್ಟು ಮಾಡಿದರೆ ಮಕ್ಕಳು ಸುಮ್ಮನಾಗುತ್ತಾರೆ. ಮಾಸುಂಬಿಯೂ ಸುಮ್ಮನಾಗುತ್ತಿದ್ದಳು, ಆದರೆ ಕಣ್ಣಲ್ಲಿ ಪ್ರಶ್ನೆ ಹಾಗೇ ಇರುತ್ತಿತ್ತು. ಆ ಕಣ್ಣಿಗೆ ಟೀಚರು ಹೆದರುತ್ತಿದ್ದಳು. ಹುಡುಗಿಯನ್ನು ಕಂಡರೆ ಪ್ರೀತಿಯೂ ಅಷ್ಟೇ ಇತ್ತು, ಅದೇ ದೊಡ್ಡ ತೊಡಕಾಗಿತ್ತು.

ಆ ವರ್ಷ ಒಂದು ಸಂಸ್ಥೆಯವರು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕುಗಳ ಹೈಸ್ಕೂಲು ಮಕ್ಕಳಿಗೆ ಗಣಿತ ಸ್ಪರ್ಧೆ ಇಟ್ಟರು. ಗೆದ್ದ ಒಬ್ಬರಿಗೆ ಧಾರವಾಡದಲ್ಲಿ ಬೇಸಿಗೆಯ ಗಣಿತ ಶಿಬಿರ, ದೊಡ್ಡ ದೊಡ್ಡ ಪ್ರೊಫೆಸರುಗಳ ಪಾಠ. ಸುದ್ದಿ ಕೇಳಿ ಮಾಸುಂಬಿ ಟೀಚರ ಹಿಂದೆಯೇ ವರಾಂಡದ ತುದಿಯವರೆಗೂ ಬಂದಳು.

"ಅಲ್ಲೆ ದಿನಾಪೂರ್ತಿ ಗಣಿತಾನ ಏನ್ರೀ ಟೀಚರ್? ಎಷ್ಟು ಬೇಕಾದ್ರೂ ಕೇಳಬಹುದೇನ್ರೀ?"

"ಕೇಳಬಹುದವಾ."

ಹುಡುಗಿಯ ಮುಖ ನೋಡಬೇಕಿತ್ತು. ಈಕೆಗೆ ಆ ಶಿಬಿರ ಸಿಗಲೇಬೇಕು ಎಂದು ಗದ್ದೆಮ್ಮ ಅವತ್ತೇ ಮನಸ್ಸಿನಲ್ಲಿ ಹರಕೆ ಹೊತ್ತಳು. ತರಬೇತಿ ಕೊಡಬೇಕಾದವಳು ತಾನೇ ಎಂಬುದು ಆಮೇಲೆ ನೆನಪಾಯಿತು. ಹೆಡ್‌ಮಾಸ್ತರ್ ಶಿವಕಾಂತ ಬೇರೆ, "ನೀವಿದ್ದ ಮ್ಯಾಲೆ ನಮಗೇನ್ ಫಿಕರ್ರೀ ಟೀಚರ್," ಎಂದು ನಕ್ಕು ಮಾದರಿ ಪ್ರಶ್ನೆಗಳ ಕಟ್ಟು ಕೈಗಿಟ್ಟ.

ಪ್ರಶ್ನೆಗಳಿದ್ದವು, ಉತ್ತರಗಳಿರಲಿಲ್ಲ. ಉತ್ತರ ಕೊಡದೆ ಪ್ರಶ್ನೆ ಕಳಿಸುವ ಪುಣ್ಯಾತ್ಮರು ಯಾವ ಊರಿನವರೋ! ಗದ್ದೆಮ್ಮ ಸಿಂಧನೂರಿನ ಅಂಗಡಿಗಳನ್ನೆಲ್ಲ ಜಾಲಾಡಿ ಗೈಡು ಹುಡುಕಿದಳು, ಸಿಗಲಿಲ್ಲ. ಕೆಲವು ಲೆಕ್ಕಗಳಿಗೆ ಹೇಗೋ ದಾರಿ ಹತ್ತಿತು. ಒಂದು ಲೆಕ್ಕ ಮಾತ್ರ ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಒಂದು ವೃತ್ತ. ಅದರ ಅಂಚಿನ ಮೇಲೆ ಕೆಲವು ಚುಕ್ಕೆಗಳನ್ನಿಟ್ಟು, ಪ್ರತಿ ಚುಕ್ಕೆಯಿಂದ ಉಳಿದೆಲ್ಲ ಚುಕ್ಕೆಗಳಿಗೂ ಗೆರೆ ಎಳೆದರೆ ವೃತ್ತ ತುಂಡು ತುಂಡಾಗುತ್ತದೆ. ಆರು ಚುಕ್ಕೆಗಳಿದ್ದರೆ ಹೆಚ್ಚೆಂದರೆ ಎಷ್ಟು ತುಂಡು?

ಎರಡು ಚುಕ್ಕೆಗೆ ಎರಡು ತುಂಡು, ಮೂರಕ್ಕೆ ನಾಲ್ಕು, ನಾಲ್ಕಕ್ಕೆ ಎಂಟು, ಐದಕ್ಕೆ ಹದಿನಾರು. ಗದ್ದೆಮ್ಮನಿಗೆ ಜೀವ ಬಂದ ಹಾಗಾಯಿತು. ದುಪ್ಪಟ್ಟಾಗುತ್ತ ಹೋಗುತ್ತದೆ, ಆರಕ್ಕೆ ಮೂವತ್ತೆರಡು! ಖಾತ್ರಿಗೆಂದು ಚಿತ್ರ ಬರೆದು ಎಣಿಸಿದರೆ ಮೂವತ್ತೇ ಬಂದವು. ಮತ್ತೆ ಬರೆದಳು, ಮತ್ತೆ ಮೂವತ್ತು. ಗೆರೆ ದಪ್ಪವಾಗಿ ಎರಡು ತುಂಡು ಅದರ ಕೆಳಗೆ ಹೋಗಿವೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಳೆ ಮಡಚಿಟ್ಟಳು. ಮರುದಿನ ಬೋರ್ಡಿನ ಮೇಲೆ ಅದೇ ಚಿತ್ರ ಬರೆದು ಕೆಳಗೆ ದೊಡ್ಡದಾಗಿ ಮೂವತ್ತೆರಡು ಎಂದು ಬರೆದಳು.

ಮಾಸುಂಬಿ ತನ್ನ ಹಾಳೆ ಹಿಡಿದುಕೊಂಡು ಎದ್ದಳು.

"ಮೂವತ್ತೊಂದ ಬರ್ತಾವ್ರೀ ಟೀಚರ್."

"ಎಲ್ಲೋ ಒಂದು ಬಿಟ್ಟೀ. ಸರಿಯಾಗಿ ಎಣಿಸು."

"ಬಾಳ ಸಲ ಎಣಿಸೀನ್ರೀ."

"ಎರಡು, ನಾಕು, ಎಂಟು, ಹದಿನಾರು. ಮುಂದ ಎಷ್ಟವಾ? ಇಷ್ಟೂ ತಿಳಿಯಂಗಿಲ್ಲೇನು?"

ತರಗತಿ ಗೊಳ್ಳೆಂದು ನಕ್ಕಿತು. ಮಾಸುಂಬಿ ಕೂತಳು. ಗದ್ದೆಮ್ಮ ಬೋರ್ಡಿನ ಕಡೆ ತಿರುಗಿ, ಹುಡುಗಿಗೆ ಮೂವತ್ತೊಂದು, ತನಗೆ ಮೂವತ್ತು, ಹಾಗಾದರೆ ಮೂವತ್ತೆರಡು ಎಲ್ಲಿದೆ ಎಂದು ಯೋಚಿಸುತ್ತ ಬಹಳ ಹೊತ್ತು ಬೋರ್ಡು ಒರೆಸಿದಳು.

ಸ್ಪರ್ಧೆಯ ದಿನ ಇಬ್ಬರೂ ಸಿಂಧನೂರಿನಲ್ಲಿ ಲಿಂಗಸುಗೂರಿನ ಬಸ್ಸು ಹತ್ತಿದರು. ಮಸ್ಕಿಯಲ್ಲಿ ಡ್ರೈವರು ಚಹಾ ಕುಡಿಯಲು ಇಳಿದ. ಗದ್ದೆಮ್ಮ ಕಿಟಕಿಯಿಂದ ಮಂಡಕ್ಕಿಯ ವಗ್ಗರಣಿ, ಮಿರ್ಚಿ ಕೊಂಡು ಹುಡುಗಿಗೆ ಕೊಟ್ಟಳು. ಮಾಸುಂಬಿ ತಿಂದು ಕೈ ಒರೆಸಿಕೊಂಡು, ಬಸ್ಸು ನಿಂತಿದ್ದೇ ಸೈ ಎಂದು, ಚೀಲದಲ್ಲಿದ್ದ ಡಬ್ಬಿಯ ದುಂಡು ಮುಚ್ಚಳ ಇಟ್ಟು ಖಾಲಿ ಹಾಳೆಯ ಮೇಲೆ ವೃತ್ತ ಬರೆದಳು. ಮನಸ್ಸಿಗೆ ಬಂದಲ್ಲಿ ಆರು ಚುಕ್ಕೆ ಇಟ್ಟಳು, ಗೆರೆ ಎಳೆಯತೊಡಗಿದಳು.

"ಮತ್ತ ಅದನ್ನ ಬರಿಯಾಕತ್ತೀಯೇನು?"

"ಎಲ್ಲಿ ಬಿಟ್ಟೀನಿ ಅಂತ ಹುಡುಕಾಕತ್ತೀನ್ರೀ. ಸಿಗವಲ್ದು."

ಗದ್ದೆಮ್ಮ ಬಗ್ಗಿ ನೋಡಿದಳು. ಚಿತ್ರದ ನಡುವೆ ಎಳ್ಳಿನಷ್ಟು ಸಣ್ಣ ತ್ರಿಕೋನವೊಂದು ಕಂಡಿತು.

"ಇದೇನಿದು ನಡುವ?"

"ಮೂರು ಗೆರಿ ಒಂದ ಕಡಿ ಕೂಡಂಗಿಲ್ರೀ. ನೀವು ಬೋರ್ಡಿನ ಮ್ಯಾಲ ಹಾಕಿದ್ದರಾಗ ಕೂಡ್ತಾವು. ನನ್ನ ಚುಕ್ಕಿ ಸೊಟ್ಟ ಅದಾವ ನೋಡ್ರಿ, ಅದಕ್ಕಿರಬೇಕು."

ಗದ್ದೆಮ್ಮ ತನ್ನ ಕೈ ನೋಡಿಕೊಂಡಳು. ಚಿಕ್ಕಂದಿನಿಂದ ಮುದಗಲ್‌ನ ಮನೆಯ ಮುಂದೆ ದಿನಾ ಆರೆಸಳಿನ ರಂಗೋಲಿ ಹಾಕಿದ ಕೈ ಅವಳದು. ಆರು ಚುಕ್ಕೆ ಎಂದರೆ ಸಾಕು, ಆ ಕೈ ತಾನಾಗಿ ಸಮಸಮ ಅಂತರದಲ್ಲಿ ಇಟ್ಟುಬಿಡುತ್ತಿತ್ತು. ಸಮನಾಗಿಟ್ಟರೆ ಮೂರು ಗೆರೆಗಳು ನಟ್ಟನಡುವೆ ಒಂದೇ ಬಿಂದುವಿನಲ್ಲಿ ಕೂಡುತ್ತವೆ, ತ್ರಿಕೋನ ಹುಟ್ಟುವುದೇ ಇಲ್ಲ. ಅದಕ್ಕೇ ತನಗೆ ಮೂವತ್ತು. ಸೊಟ್ಟ ಚುಕ್ಕೆ ಇಟ್ಟ ಹುಡುಗಿಗೆ ಒಂದು ಹೆಚ್ಚು. ಪೆನ್ನು ಇಸಿದುಕೊಂಡು ಒಂದೊಂದೇ ತುಂಡಿನಲ್ಲಿ ಗುರುತು ಹಾಕುತ್ತ ಎಣಿಸಿದಳು. ಮೂವತ್ತೊಂದು. ಮೂವತ್ತೆರಡನೆಯ ತುಂಡು ಬ್ರಹ್ಮ ಬಂದರೂ ಅಲ್ಲಿ ಹುಟ್ಟಲಾರದು.

"ಎಷ್ಟ್ ಬಂದ್ವುರೀ?" ಎಂದಳು ಮಾಸುಂಬಿ.

ಈಗ ಹೇಳಬೇಕಿತ್ತು. ತರಗತಿಯಲ್ಲಿ ಎಲ್ಲರೂ ಹುಡುಗಿಯನ್ನು ನೋಡಿ ನಗುವಂತೆ ಮಾಡಿದ್ದು ನೆನಪಾಯಿತು. ಇದು ತಪ್ಪಾದರೆ ಉಳಿದ ಲೆಕ್ಕಗಳೂ ತಪ್ಪೇನೋ ಎಂದು ಹುಡುಗಿ ಕೇಳಿದರೆ? ಈ ಸುದ್ದಿ ಶಾಲೆಗೆ, ಶಾಲೆಯಿಂದ ಊರಿಗೆ, ಊರಿಂದ ಆ ಮುಂದಿನ ಸಾಲಿನ ಕುರ್ಚಿಗೆ ಹೋದರೆ? ಪರೀಕ್ಷೆಗೆ ಹೊರಟ ಮಗುವಿನ ತಲೆ ಕೆಡಿಸಬಾರದು ಎಂಬ ಒಳ್ಳೆಯ ನೆಪವೂ ಅಷ್ಟರಲ್ಲಿ ಸಿಕ್ಕಿತು. ಇಷ್ಟೊಂದು ಲೆಕ್ಕಗಳಿರುವಾಗ ಇದೇ ಯಾಕೆ ಬಂದೀತು?

"ಆಮ್ಯಾಲ ನೋಡೋಣು. ಹಾಳಿ ಒಳಗಿಡು," ಎಂದಳು.

ಲಿಂಗಸುಗೂರಿನ ಸಭಾಭವನದಲ್ಲಿ ಬೆಳಗಿನ ಲಿಖಿತ ಪರೀಕ್ಷೆಯಲ್ಲಿ ಆ ಲೆಕ್ಕ ಬರಲಿಲ್ಲ. ಗದ್ದೆಮ್ಮ ಕಂಡಕಂಡ ದೇವರಿಗೆಲ್ಲ ಕೈಮುಗಿದಳು. ಊಟದ ನಂತರ ಫಲಿತಾಂಶ ಹೇಳಿದರು. ಮಾಸುಂಬಿಗೂ ಮುದಗಲ್‌ನ ಭಾಗ್ಯಶ್ರೀ ಎಂಬ ಹುಡುಗಿಗೂ ಸರಿಸಮ ಅಂಕ. ಇಬ್ಬರಿಗೂ ವೇದಿಕೆಯ ಮೇಲೆ ಒಂದೊಂದು ಬೋರ್ಡು ಕೊಟ್ಟು ಒಂದೇ ಪ್ರಶ್ನೆ ಕೇಳುವುದು, ಗಂಟೆ ಬಾರಿಸಿದಾಗ ಬೋರ್ಡಿನ ಮೇಲಿದ್ದದ್ದೇ ಉತ್ತರ ಎಂದರು. ಶಿಕ್ಷಕರು ಮುಂದಿನ ಸಾಲಿನಲ್ಲಿ ಕೂಡಬೇಕು, ತುಟಿಪಿಟಕ್ಕೆನ್ನಬಾರದು, ಸನ್ನೆ ಮಾಡಿದರೆ ಅವರ ವಿದ್ಯಾರ್ಥಿ ಹೊರಗೆ.

ನಡುವಯಸ್ಸಿನ ತೀರ್ಪುಗಾರರು ಕನ್ನಡಕ ಏರಿಸಿಕೊಂಡು ಪ್ರಶ್ನೆ ಓದಿದರು. "ಒಂದು ವೃತ್ತದ ಅಂಚಿನ ಮೇಲೆ ಆರು ಬಿಂದುಗಳು..."

ಮುಂದಿನದು ಗದ್ದೆಮ್ಮನಿಗೆ ಕೇಳಲಿಲ್ಲ. ಎದ್ದು ಕೂಗಿಬಿಡಬೇಕೆನಿಸಿತು, ಕೂಗಿದರೆ ಹುಡುಗಿಯ ಕತೆ ಮುಗಿಯಿತು. ಬಸ್ಸಿನಲ್ಲಿ ಒಂದೇ ಒಂದು ಮಾತು ಸಾಕಾಗಿತ್ತು. ಮೆಟ್ಟಿಲ ಮೇಲೆ, ಊಟದ ಪಂಕ್ತಿಯಲ್ಲಿ, ಎಲ್ಲಿಯಾದರೂ ಸಾಕಾಗಿತ್ತು. ಕುರ್ಚಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮಾಸುಂಬಿ ವೃತ್ತ ಬರೆದಳು. ಸೊಟ್ಟ ಚುಕ್ಕೆಗಳನ್ನಿಟ್ಟಳು. ಗೆರೆ ಎಳೆದು, ಬೆರಳಿಟ್ಟು ಎಣಿಸಿದಳು. ನಂತರ ಚಿತ್ರದ ಕೆಳಗೆ ಮೂವತ್ತೊಂದು ಎಂದು ಬರೆದಳು.

ಬರೆದಳು! ಟೀಚರು ಹೇಳಿದ್ದನ್ನು ಬಿಟ್ಟು ಕಣ್ಣಿಗೆ ಕಂಡದ್ದನ್ನು ಬರೆದಳು. ಅಷ್ಟೇ ಇರಲಿ ನನ್ನ ಅವ್ವಾ, ಮುಟ್ಟಬೇಡ, ಚಾಕ್‌ಪೀಸು ಕೆಳಗಿಡು ಎಂದು ಗದ್ದೆಮ್ಮನ ಜೀವ ಒಳಗೇ ಬೇಡಿಕೊಳ್ಳುತ್ತಿತ್ತು.

ಆಗ ಮಾಸುಂಬಿ ತಿರುಗಿ ಅವಳ ಮುಖ ನೋಡಿದಳು.

ತನ್ನ ಮುಖ ಆಗ ಹೇಗಿತ್ತೆಂಬುದು ಗದ್ದೆಮ್ಮನಿಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದವರು ನೋಡಿದ್ದರೆ ಹೇಳುತ್ತಿದ್ದರು: ಕಣ್ಣು ಅಗಲ, ತುಟಿ ಬಿಳಿಚಿ, ಸೆರಗಿನ ತುದಿ ಬಾಯಲ್ಲಿ. ನಗಬೇಕೆಂದುಕೊಂಡಳು, ಕೆನ್ನೆ ಕದಲಲಿಲ್ಲ. ಹುಡುಗಿಯ ಮುಖ ಪೆಚ್ಚಾಯಿತು. ಬೇಗ ಬೇಗ ಬೋರ್ಡಿನ ಕಡೆ ತಿರುಗಿ, ಅಂಗೈಯಿಂದ ಮೂವತ್ತೊಂದನ್ನು ಒರೆಸಿ, ಮೂವತ್ತೆರಡು ಎಂದು ಬರೆದಳು. ಗಂಟೆ ಹೊಡೆಯಿತು.

ಮಾಸುಂಬಿ ಇಳಿದು ಬಂದು ಟೀಚರ ಪಕ್ಕದಲ್ಲಿ ಕೂತಳು. ಕಿವಿಯ ಹತ್ತಿರ ಬಗ್ಗಿ, "ನಿಮ್ಮ ಮುಖ ನೋಡಿದ ಕೂಡ್ಲೆ ಗೊತ್ತಾತ್ರೀ ಟೀಚರ್, ತಪ್ಪು ಬರದೀನಿ ಅಂತ. ಛಲೋ ಆತು ನೋಡಿದ್ದು," ಎಂದಳು. ಹಿಡಿದ ಉಸಿರು ಬಿಟ್ಟಂತಿತ್ತು ಆ ದನಿ, ಅಷ್ಟು ನಿರಾಳ.

"ಸರಿಯುತ್ತರ ಮೂವತ್ತೊಂದು," ಎಂದರು ತೀರ್ಪುಗಾರರು. ಭಾಗ್ಯಶ್ರೀಯ ಬೋರ್ಡಿನ ಮೇಲೆ ಅದೇ ಇತ್ತು. ಚಪ್ಪಾಳೆ ಎದ್ದಿತು.

ಗದ್ದೆಮ್ಮ ಎದ್ದು ನಿಂತಳು.

"ಸರ್, ಈಕಿ ಮೂವತ್ತೊಂದ ಬರದಿದ್ದಳ್ರೀ. ಮೂವತ್ತೆರಡು ಅಂತ ಕಲಿಸಿದಾಕಿ ನಾನು. ತಪ್ಪು ನಂದ್ರೀ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ತೀರ್ಪುಗಾರರು ಕೆಟ್ಟವರಲ್ಲ. "ಒರೆಸಿದ್ದನ್ನ ನಾನೂ ನೋಡಿದೆ ಮೇಡಂ. ಆದ್ರ ಗಂಟಿ ಆಗೇತಿ. ಕೂಡ್ರಿ," ಎಂದರು. ಯಾವುದಕ್ಕೆ ಜೀವಮಾನವಿಡೀ ಹೆದರಿದ್ದಳೋ ಅದು ಅಷ್ಟರಲ್ಲೇ ಮುಗಿದುಹೋಯಿತು. ಜನ ಬಹುಮಾನದ ಕಡೆ ತಿರುಗಿದರು. ಮಾಸುಂಬಿ ಮಾತ್ರ ತಲೆ ತಗ್ಗಿಸಿ ಅಂಗೈಗೆ ಮೆತ್ತಿದ ಚಾಕ್‌ಪೀಸಿನ ಪುಡಿ ನೋಡುತ್ತ ಕೂತಿದ್ದಳು. ಅದಕ್ಕಿಂತ ದೊಡ್ಡ ಶಿಕ್ಷೆಯನ್ನು ಗದ್ದೆಮ್ಮ ಕಂಡಿರಲಿಲ್ಲ.

ವಾಪಸು ಬಸ್ಸು ಮಸ್ಕಿಯ ನಿಲ್ದಾಣದಿಂದ ಹೊರಟಿತು.

"ಮುಂಜಾನೆ ಇಲ್ಲೇ ನನಗ ಗೊತ್ತಾಗಿತ್ತವಾ," ಎಂದಳು ಗದ್ದೆಮ್ಮ ಕೊನೆಗೆ. "ಹೇಳಾಕ ಅಂಜಿಕಿ ಬಂತು."

ಮಾಸುಂಬಿ ಕೇಳಿದಳು, "ನೀವು ಯಾರಿಗೆ ಅಂಜಿದ್ರಿ?"

"ನಿನಗ."

ಹುಡುಗಿ ಅಂಗೈಯ ಚಾಕ್‌ಪೀಸಿನ ಪುಡಿ ಒರೆಸಿಕೊಂಡಳು. ಸಿಟ್ಟು ಬಂತೋ, ಅಳು ಬಂತೋ ತಿಳಿಯಲಿಲ್ಲ.

"ಏಳು ಚುಕ್ಕಿ ಇಟ್ರ ಎಷ್ಟು ತುಂಡು ಆಗ್ತಾವ?" ಎಂದು ಗದ್ದೆಮ್ಮನೇ ಕೇಳಿದಳು. "ನನಗ ಖರೇನ ಗೊತ್ತಿಲ್ಲ. ನೀ ನೋಡಿ ಹೇಳು."

ಮಾಸುಂಬಿ ಹಾಳೆ ತೆಗೆದಳು. ಬಸ್ಸು ಕುಲುಕುತ್ತಿದ್ದರೂ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬರೆದಳು, ನಿಧಾನವಾಗಿ ಎಣಿಸಿದಳು, ಎರಡನೇ ಸಲವೂ ಎಣಿಸಿದಳು. ಉತ್ತರ ಬರೆಯಲು ಪೆನ್ನು ಊರಿದವಳು ತಡೆದು, ತಲೆಯೆತ್ತಿ ಟೀಚರ ಮುಖ ನೋಡಿದಳು.

"ನನ್ನ ಮುಖ ನೋಡಬ್ಯಾಡವಾ. ಹಾಳಿ ನೋಡು," ಎಂದು ಗದ್ದೆಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ಹೊರಗೆ ಭತ್ತದ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಪೆನ್ನು ಹಾಳೆಯ ಮೇಲೆ ಓಡುವ ಸದ್ದಿಗಾಗಿ ಗದ್ದೆಮ್ಮ ಕಾದಳು. ಸದ್ದು ಬರಲಿಲ್ಲ. ಹುಡುಗಿ ಇನ್ನೂ ತನ್ನ ಕಡೆಯೇ ನೋಡುತ್ತಿದ್ದಾಳೆಂಬುದು ತಿರುಗದೆಯೇ ಅವಳಿಗೆ ತಿಳಿಯುತ್ತಿತ್ತು.