ಸೋಮನೂರಿನ ಎರಡು ಚೀಲಗಳು

ತಮಿಳುನಾಡಿನ ಕೊಯಮತ್ತೂರು ಬಳಿಯ ಸೋಮನೂರಿನಲ್ಲಿ ಬೆಳಕು ಹರಿಯುವ ಹೊತ್ತಿಗೆ ವಿದ್ಯುತ್ ಮಗ್ಗಗಳ ಸದ್ದು ಒಂದು ಗಳಿಗೆ ತಗ್ಗುತ್ತದೆ. ರಾತ್ರಿ ಪಾಳಿಯವರು ಎದ್ದು, ಹಗಲು ಪಾಳಿಯವರು ಕೈ ಹಚ್ಚುವ ನಡುವಿನ ಆ ಸಣ್ಣ ಬಿಡುವಿನಲ್ಲಿ ರೈಲು ನಿಲ್ದಾಣದ ರಸ್ತೆಯ ಒಂದು ಪುಟ್ಟ ಕಂಪ್ಯೂಟರ್ ಅಂಗಡಿಯ ಶಟರ್ ಮೇಲೇಳುತ್ತದೆ. ಅಂಗಡಿಯೊಡತಿ ಗೋಮತಿ ಬಾಗಿಲಿಗೆ ನೀರು ಚಿಮುಕಿಸಿ, ಕಪಾಟಿನಿಂದ ಎರಡು ಲ್ಯಾಪ್‌ಟಾಪ್‌ಗಳನ್ನು ಇಳಿಸಿಕೊಳ್ಳುತ್ತಾರೆ. ಎರಡೂ ಒಂದೇ ಮಾದರಿಯವು, ಒಂದೇ ವಯಸ್ಸಿನವು. ಪರದೆಗಳ ಬೆಳಕು ಸಮ ಇದೆಯೇ, ಬ್ಯಾಟರಿ ಸಮ ತುಂಬಿದೆಯೇ, ಒಂದರ ಮೌಸ್ ಇನ್ನೊಂದರದಕ್ಕಿಂತ ಹಗುರವಾಗಿ ಓಡುತ್ತಿದೆಯೇ ಎಂದು ನೋಡುತ್ತಾರೆ. ಒಂದರ ಮೂಲೆಯಲ್ಲಿ ಬೆರಳಚ್ಚು ಕಂಡರೆ ಎರಡನ್ನೂ ಒರೆಸುತ್ತಾರೆ. ಆಮೇಲೆ ಎರಡನ್ನೂ ಕೋರಾ ಬಟ್ಟೆಯ ಚೀಲಗಳಿಗೆ ಇಳಿಸಿ ಮತ್ತೆ ಕಪಾಟಿನಲ್ಲಿಡುತ್ತಾರೆ. ಬಣ್ಣ ಕಾಣದ, ಮಗ್ಗದಿಂದ ಇಳಿದ ಹಾಗೇ ಇರುವ ಆ ಬಟ್ಟೆಯಲ್ಲಿ ಹೊಲಿದ ಚೀಲಗಳಲ್ಲಿ ಯಾವುದು ಯಾವುದೆಂದು ಹೊರಗಿನಿಂದ ತಿಳಿಯುವುದಿಲ್ಲ.

ವ್ಯತ್ಯಾಸ ಇರುವುದು ಒಳಗೆ. ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್. ಕಂಪ್ಯೂಟರನ್ನು ನಡೆಸುವ ಈ ಮೂಲ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಸಾಮಾನ್ಯವಾಗಿ ಅಂಗಡಿಗೆ ಹೋದವರು ಯಂತ್ರದ ಗಾತ್ರ ಆರಿಸುತ್ತಾರೆ, ಬಣ್ಣ ಆರಿಸುತ್ತಾರೆ. ಒಳಗಿನದನ್ನೂ ಆರಿಸಬಹುದು ಎಂಬುದೇ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದು ಮನೆಗೆ ಹೋಗುತ್ತದೆ.

ಮೊದಲ ಗಿರಾಕಿ ರಾತ್ರಿ ಪಾಳಿ ಮುಗಿಸಿದ ಒಬ್ಬ ಯುವಕ. ತಲೆಗೂದಲಲ್ಲಿ ಇನ್ನೂ ಹತ್ತಿಯ ಧೂಳು. ಚೀಲಗಳನ್ನು ಅವನೇ ಇಳಿಸಿಕೊಳ್ಳಬೇಕು, ಮೇಜಿನ ಮೇಲೆ ತನಗೆ ತೋಚಿದ ಕಡೆ ಅವನೇ ಇಡಬೇಕು. ಗೋಮತಿ ಹೇಳುವುದು ಕೆಲವೇ ಮಾತು. ಇದು ವಿಂಡೋಸ್, ಅದು ಲಿನಕ್ಸ್; ಇದಕ್ಕೆ ಲೈಸೆನ್ಸಿನ ದುಡ್ಡು ಉಂಟು, ಅದಕ್ಕಿಲ್ಲ. ಲೆಕ್ಕದ ಕೆಲವು ತಂತ್ರಾಂಶಗಳು ಇದರಲ್ಲೇ ಸಲೀಸು. ಹಳೆಯ ಯಂತ್ರವಾದರೆ ಅದು ಹಗುರ. ತಮಿಳು ಎರಡರಲ್ಲೂ ಬರುತ್ತದೆ. ನಿನ್ನ ದಿನದ ಕೆಲಸ ಯಾವುದೋ ಅದನ್ನೇ ಎರಡರಲ್ಲೂ ಮಾಡಿ ನೋಡು. ಅಷ್ಟು ಹೇಳಿ ಮೋಟು ಸ್ಟೂಲಿನ ಮೇಲೆ ಕುಳಿತು ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ಯುವಕ ಎಷ್ಟು ಹೊತ್ತು ತೆಗೆದುಕೊಂಡರೂ ಆ ಕೈಗಳು ಏಳುವುದಿಲ್ಲ.

ಆ ಕೈಗಳ ಶಿಸ್ತು ನೇಕಾರರ ಊರಾದ ಸಿರುಮುಗೈಯದು. ಗೋಮತಿಯ ತಂದೆ ತಿರುಮಲೈಸಾಮಿ ಅಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ತಲೆಮಾರುಗಳ ಹಿಂದೆ ಅಲ್ಲಿಗೆ ಬಂದು ನೆಲೆಸಿದ ಕನ್ನಡದ ನೇಕಾರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಗೋಮತಿಗೆ ಬರುವುದಿಲ್ಲ, ಮಾತು ಮಾತ್ರ ತಾಯಿಯದು. ಮದುವೆ ಸೀರೆಗೆ ಬಂದವರನ್ನು ಚಾಪೆಯ ಮೇಲೆ ಕೂರಿಸಿ ತಂದೆ ಎಂದೂ ಒಂದೇ ಸೀರೆ ಬಿಚ್ಚಿದವರಲ್ಲ. ಯಾರೂ ಕೇಳದೆಯೇ ಎರಡನೆಯದನ್ನು ಬಿಚ್ಚುತ್ತಿದ್ದರು, ಬಿಚ್ಚಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದರು. "ಒಂದೇ ತೋರಿಸಿದ್ರೆ ಅದು ತೋರಿಸಿದ್ದಲ್ಲ, ಹೊದಿಸಿದ್ದು ಅಂತಿದ್ರು ಅಪ್ಪ," ಎನ್ನುತ್ತಾರೆ ಗೋಮತಿ.

ಪಾಲಿಟೆಕ್ನಿಕ್ ಓದಿ, ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದ ಅವರ ಕೆಲಸ ಕೊರೊನಾ ಕಾಲದಲ್ಲಿ ಹೋಯಿತು. ಸೋಮನೂರಿಗೆ ಬಂದು ಅಂಗಡಿ ತೆರೆದಾಗ ತಂದೆಯ ಚಾಪೆ ನೆನಪಿಗೆ ಬಂತು. ಮೇಜಿನ ಮೇಲೆ ಎರಡು ಯಂತ್ರ ಇಟ್ಟರು. ಚೀಲಗಳು ಆಗ ಇರಲಿಲ್ಲ. ನೋಡಿದವರೆಲ್ಲ ಲಿನಕ್ಸನ್ನೇ ಆರಿಸಿಕೊಂಡು ಹೋಗತೊಡಗಿದರು. ಗೋಮತಿಗೂ ಅದೇ ಇಷ್ಟ. ಜನಕ್ಕೆ ನಿಜವಾಗಿ ಆರಿಸಲು ಬಿಟ್ಟರೆ ಹೀಗಾಗುತ್ತದೆ ನೋಡಿ ಎಂದು ಕೆಲವು ತಿಂಗಳು ಬೀಗಿದರು.

ಆ ಜಂಬ ಇಳಿಸಿದವರು ಅಮ್ಮಣಿ. ಪಕ್ಕದ ಬೀದಿಯ ಮಗ್ಗದ ಶೆಡ್ಡಿನಲ್ಲಿ ನೂಲು ಸುತ್ತುವ ಹೆಂಗಸು, ಮಾತಿಗೆ ಮುಲಾಜಿಲ್ಲ. ವಾಣಿಜ್ಯ ಓದುವ ಮಗಳಿಗೆಂದು ಕೊಂಡ ಲ್ಯಾಪ್‌ಟಾಪನ್ನು ಸೆರಗಿನಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟರು. ಕಾಲೇಜಿನ ಲೆಕ್ಕದ ತಂತ್ರಾಂಶ ಇದರಲ್ಲಿ ತೆರೆಯುವುದೇ ಇಲ್ಲವಂತೆ. ಹಾಗೆಂದು ಮೊದಲೇ ಹೇಳಿದ್ದೆನಲ್ಲ, ಎರಡನ್ನೂ ನೋಡಿ ನೀವೇ ತಾನೇ ತೆಗೆದುಕೊಂಡದ್ದು ಎಂದರು ಗೋಮತಿ.

"ನಾನೆಲ್ಲಿ ತಗೊಂಡೆ ನನ್ ಕಣ್ಣೇ? ನೀ ಕೊಟ್ಟೆ," ಎಂದರು ಅಮ್ಮಣಿ. "ಬಲಗಡೆ ಇಟ್ಟಿದ್ದೆಯಲ್ಲ."

ಗೋಮತಿ ಮೇಜಿನ ಬಲಬದಿಯತ್ತ ನೋಡಿದರು. ತಂದೆ ಬಾಯಿಬಿಟ್ಟು ಯಾವುದನ್ನೂ ಹೊಗಳುತ್ತಿರಲಿಲ್ಲ, ನಿಜ. ಆದರೆ ತಮಗೆ ಮೆಚ್ಚಾದ ಸೀರೆಯನ್ನು ಕೊಳ್ಳುವವರ ಬಲಗೈ ಕಡೆಗೆ ಹರಡುತ್ತಿದ್ದರು. ಅದನ್ನು ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ನೇಕಾರ ಕುಲದವರು ಚಾಪೆಯ ಮೇಲೆ ಕೂತು ಕೂತು ಕಲಿತದ್ದು. ತಮಗೇ ಗೊತ್ತಿಲ್ಲದೆ ಗೋಮತಿ ಮೊದಲ ದಿನದಿಂದಲೂ ಲಿನಕ್ಸನ್ನು ಬಲಕ್ಕೆ ಇಡುತ್ತ ಬಂದಿದ್ದರು. ನೇಕಾರರ ಮನೆಯವರು ಆ ಸನ್ನೆ ಓದಿಕೊಂಡು, ಹಿರಿಯರ ಮಾತು ಮೀರದವರಂತೆ ಬಲಗಡೆಯದನ್ನೇ ಒಯ್ಯುತ್ತಿದ್ದರು.

ಅಮ್ಮಣಿಯ ಯಂತ್ರಕ್ಕೆ ಅಂದೇ ವಿಂಡೋಸ್ ಹಾಕಿಕೊಟ್ಟರು. ಆದರೆ ಅನುಮಾನವನ್ನು ಅಷ್ಟಕ್ಕೇ ಬಿಡಲಿಲ್ಲ. ಒಂದು ಸಂಗತಿಯನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟರೆ ಕಾರಣ ತಾನೇ ಹೊರಬೀಳುತ್ತದೆ. ಮರುವಾರ ವಿಂಡೋಸನ್ನು ಬಲಕ್ಕಿಟ್ಟರು, ಮಾತು ಒಂದೂ ಬದಲಿಸಲಿಲ್ಲ. ನೇಕಾರರ ಬೀದಿ ಇಡಿಯಾಗಿ ವಿಂಡೋಸ್ ಕಡೆ ತಿರುಗಿತು. ಒಡಿಶಾದಿಂದ, ಬಿಹಾರದಿಂದ ಮಿಲ್ಲಿಗೆ ಬಂದ ಹುಡುಗರು ಮಾತ್ರ ಆ ಕಡೆಯದೂ ಈ ಕಡೆಯದೂ ತೆಗೆದುಕೊಂಡರು.

"ರೊಂಬ ನಾಚಿಕೆ ಆಯ್ತು," ಎಂದು ಗೋಮತಿ ಈಗ ನಗುತ್ತಾರೆ. "ಆಯ್ಕೆ ಕೊಡ್ತೀನಿ ಅಂತ ಎದೆ ಉಬ್ಬಿಸ್ಕೊಂಡಿದ್ದೆ. ಕೊಡ್ತಾ ಇದ್ದದ್ದು ಬರೀ ಎಡ ಬಲ."

ಚೀಲಗಳು ಹುಟ್ಟಿದ್ದು ಆಗ. ಇಳಿಸುವವನೂ ಇಡುವವನೂ ಗಿರಾಕಿಯೇ ಆದರೆ ಬಲ ಯಾವುದು ಎಂದು ತೀರ್ಮಾನಿಸುವ ಕೈ ಅಂಗಡಿಯವಳದಲ್ಲ. ಆಯ್ಕೆಗಳು ಎರಡೂ ಕಡೆ ಹಂಚಿಹೋದವು. ಜನ ತಡವರಿಸಿದರು, ಎರಡರಲ್ಲೂ ಕೆಲಸ ಮಾಡಿ ನೋಡಿದರು, ಪ್ರಶ್ನೆ ಕೇಳಿದರು. ಗೋಮತಿಗೆ ಬೇಕಾಗಿದ್ದದ್ದು ಆ ತಡವರಿಕೆಯೇ.

ಹೊಸ ಲ್ಯಾಪ್‌ಟಾಪ್‌ಗಳು ಬರುತ್ತಿದ್ದದ್ದು ಕೊಯಮತ್ತೂರಿನ ಒಂದು ಸಗಟು ಏಜೆನ್ಸಿಯಿಂದ. ಅದರ ಪ್ರತಿನಿಧಿ ದಿವಾಕರ್ ನಗುಮೊಗದ ಮನುಷ್ಯ. ಎಡ ಬಲದ ಕಥೆಯನ್ನು ಗೋಮತಿಯೇ ತಮಾಷೆಗೆ ಹೇಳಿದ್ದರು. ಮುಂದಿನ ಸಲ ಬಂದಾಗ ಅವರು ಕುರ್ಚಿ ಎಳೆದುಕೊಂಡು ಕುಳಿತರು. ವಿಂಡೋಸ್ ಯಂತ್ರದ ಜೊತೆಗೆ ಏಜೆನ್ಸಿ ತನ್ನ ಬೇರೆ ತಂತ್ರಾಂಶಗಳನ್ನೂ ಮಾರುತ್ತಿತ್ತು, ಹಾಗಾಗಿ ಅದಕ್ಕೆ ಆ ಯಂತ್ರವೇ ಹೆಚ್ಚು ಮಾರಿಹೋಗಬೇಕಿತ್ತು.

"ಸುಳ್ಳು ಹೇಳಬೇಡಿ ಅಕ್ಕಾ, ಬಾಯೇ ತೆರೀಬೇಡಿ," ಎಂದರು ದಿವಾಕರ್. "ಆ ಚೀಲ ತೆಗೆದುಬಿಡಿ. ನಮ್ಮದನ್ನು ಬಲಕ್ಕೆ ಇಡಿ. ಸಾಕು."

ಒಪ್ಪಿದರೆ ಸರಕು ಮೊದಲು ಇವರಿಗೆ, ಲಾಭ ಹೆಚ್ಚು. ಒಪ್ಪದಿದ್ದರೆ ಏನೆಂದು ದಿವಾಕರ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗೋಮತಿ ಎರಡು ದಿನ ತೂಗಿದರು. ಸೂಲೂರಿನ ಮಿಲ್ಲಿನಲ್ಲಿದ್ದ ಗಂಡನಿಗೆ ಪಾಳಿ ಕಡಿಮೆಯಾಗಿತ್ತು, ಅಂಗಡಿಯ ಬಾಡಿಗೆ ನಿಂತಿರಲಿಲ್ಲ. ಬಾಯಿ ತೆರೆಯದೆ ಹೇಳುವ ಸುಳ್ಳು ಎಷ್ಟು ಹಗುರ ಎಂದು ತೂಗಿದಾಗಲೆಲ್ಲ ಅಮ್ಮಣಿ ಸೆರಗಿನಿಂದ ಬಿಚ್ಚಿ ಮೇಜಿನ ಮೇಲಿಟ್ಟ ಯಂತ್ರ ಕಣ್ಣೆದುರು ಬಂತು. ಮೂರನೆಯ ದಿನ ಫೋನು ಮಾಡಿ ಆಗುವುದಿಲ್ಲ ಎಂದರು. ಅಂದಿನಿಂದ ಏಜೆನ್ಸಿಯಲ್ಲಿ ಕೇಳಿದಾಗಲೆಲ್ಲ ಸರಕು ಇಲ್ಲ.

ಅಂಗಡಿಯ ಕಪಾಟು ಬರಿದಾಯಿತು. ತಿರುಪ್ಪೂರಿನ ಕಂಪನಿಗಳು ಬಿಸಾಡುವ ಹಳೆಯ ಯಂತ್ರಗಳನ್ನು ತಂದು, ಬಿಚ್ಚಿ ತೊಳೆದು, ಕೆಟ್ಟದ್ದನ್ನು ಬದಲಿಸಿ ಮಾರತೊಡಗಿದರು. ತಮಿಳರ ಹೊಸವರ್ಷದ ಚಿತ್ತಿರೈ ತಿಂಗಳವರೆಗೆ ನೋಡುವುದು, ಆಮೇಲೆ ಶಟರ್ ಇಳಿಸಿ ಬೀಗದ ಕೈ ಒಪ್ಪಿಸುವುದು ಎಂದು ಗಂಡ ಹೆಂಡತಿ ಮಾತಾಡಿಕೊಂಡರು. ಚೀಲಗಳನ್ನು ಮಾತ್ರ ಪ್ರತಿ ಸೋಮವಾರ ಒಗೆಯುವುದು ತಪ್ಪಲಿಲ್ಲ.

ಆ ದಿನಗಳಲ್ಲೇ ಸುಬ್ಬಯ್ಯನ್ ಬಂದರು. ಮಗ್ಗಗಳನ್ನು ಮಕ್ಕಳಿಗೆ ಒಪ್ಪಿಸಿ, ನೇಕಾರರ ಮಕ್ಕಳಿಗಾಗಿ ಸಂಜೆಯ ಓದುಮನೆ ನಡೆಸುವ ಹಿರಿಯರು. ಓದುಮನೆಗೆ ಕಂಪ್ಯೂಟರ್‌ಗಳು ಬೇಕು, ಹಳೆಯವಾದರೂ ಸರಿ. ಅವರಿಗೆ ಒಂದೇ ಮಾತು ಬೇಕಿತ್ತು, ಯಾವುದು ಒಳ್ಳೆಯದು. ಗೋಮತಿ ಚೀಲಗಳನ್ನು ತೋರಿಸಿದರು. ಸುಬ್ಬಯ್ಯನ್‌ಗೆ ರೇಗಿತು. ಬೇರೆ ಅಂಗಡಿಗಳವರು ನಿಂತ ಕಾಲಲ್ಲಿ ಹೇಳಿದ್ದಾರೆ, ಔಷಧಿ ಯಾವುದೆಂದು ಡಾಕ್ಟರು ರೋಗಿಯನ್ನು ಕೇಳುತ್ತಾರೆಯೇ ಎಂದರು.

"ನಾನು ಡಾಕ್ಟರಲ್ಲ ಅಣ್ಣ, ಸೀರೆ ಮನೆಯವಳು," ಎಂದರು ಗೋಮತಿ. "ಉಡೋರು ಬಂದು ನೋಡ್ಲಿ."

ಉಡುವವರು ಬಂದರು. ಒಂದು ವಾರ ಸಂಜೆ ಸಂಜೆ ಓದುಮನೆಯಲ್ಲಿ ಚೀಲಗಳು ಇಳಿದವು, ಹತ್ತಿದವು. ಪಾಠ ಬರೆಯುವ ಮಕ್ಕಳು, ಅವರ ತಾಯಂದಿರು, ಅಂಗಡಿ ಲೆಕ್ಕ ಇಡುವ ಯುವಕರು ಸಾಲಾಗಿ ಕೂತರು. ಅಮ್ಮಣಿಯೂ ಬಂದು, ಮೂಲೆಯ ಸ್ಟೂಲಿನ ಮೇಲೆ ಕೈಕಟ್ಟಿ ಕೂತ ಗೋಮತಿಯನ್ನು ಕಂಡು, ಟೀಚರು ಶಿಕ್ಷೆ ಕೊಟ್ಟ ಹಾಗೆ ಕೂತಿದ್ದಾಳಲ್ಲ ಎಂದು ಎಲ್ಲರಿಗೂ ಕೇಳುವಂತೆ ಅಂದರು. ವಾರದ ಕೊನೆಗೆ ಓದುಮನೆ ಎರಡು ಪಾಲಾಯಿತು, ಜಗಳವಿಲ್ಲದೆ. ಲೆಕ್ಕ ಕಲಿಯುವವರಿಗೆ ವಿಂಡೋಸ್ ಬೇಕು, ಬರೆಯುವ, ಚಿತ್ರ ಬಿಡಿಸುವ ಮಕ್ಕಳಿಗೆ ಹಳೆಯ ಯಂತ್ರದಲ್ಲೂ ಚುರುಕಾಗಿ ಓಡುವ ಲಿನಕ್ಸ್ ಬೇಕು. ಮೊದಲ ಸಂಜೆ ವಿಂಡೋಸ್ ಬಿಟ್ಟು ಬೇರೆ ಮುಟ್ಟಲಾರೆ ಎಂದು ಸಾರಿದ್ದ ಸುಬ್ಬಯ್ಯನ್ ತಮ್ಮ ಮೇಜಿಗೆ ಲಿನಕ್ಸ್ ಹಾಕಿಸಿಕೊಂಡರು. ಇಡೀ ಬೇಡಿಕೆ ಗೋಮತಿಗೇ ಬಂತು. ಚಿತ್ತಿರೈ ಬಂದಾಗ ಶಟರ್ ಎಂದಿನಂತೆ ಮೇಲೆದ್ದಿತು.

ದೊಡ್ಡ ಗೆಲುವು ಬಂದದ್ದು ಬೇರೆ ದಾರಿಯಲ್ಲಿ. ತಂಗಿಯ ಮಗನಿಗೆ ಹೊಸ ಲ್ಯಾಪ್‌ಟಾಪೇ ಬೇಕಿತ್ತು, ಗೋಮತಿಯ ಬಳಿ ಇದ್ದದ್ದು ಹಳೆಯವು; ಹಾಗಾಗಿ ಅಮ್ಮಣಿ ತಿರುಪ್ಪೂರಿಗೆ ಹೋಗಿದ್ದರು. ಥಳಥಳಿಸುವ ಅಂಗಡಿ. ಮಾರುವ ಹುಡುಗ ಒಂದನ್ನು ತೆರೆದು ತೋರಿಸಿದ. ಎರಡನೆಯದು ಎಲ್ಲಿ ಎಂದು ಇವರು ಕೇಳಿದರು. ಎಲ್ಲದರಲ್ಲೂ ಇರುವುದು ಇದೇ ಎಂದ. ಅಮ್ಮಣಿ ಅಲ್ಲೇ ನೆಲದ ಮೇಲೆ ಕೂತರು. "ಒಂದೇ ಸೀರೆ ತೋರಿಸೋ ಕಡೆ ನಾನು ಕರ್ಚೀಫೂ ತಗೊಳ್ಳಲ್ಲ ತಂಬಿ," ಎಂದು ತಮಿಳಿನಲ್ಲಿ ಹೇಳಿ, ಮ್ಯಾನೇಜರ್ ಬರುವವರೆಗೂ ಏಳಲಿಲ್ಲ. ಪಲ್ಲಡಂನಲ್ಲಿ, ಸೂಲೂರಿನಲ್ಲಿ ಅಂಗಡಿಗಳವರಿಗೆ ಇದೇ ಪ್ರಶ್ನೆ ಎದುರಾಗತೊಡಗಿತು. ಎರಡನೆಯದು ಎಲ್ಲಿ? ಓದುಮನೆಯ ಮಕ್ಕಳ ತಾಯಂದಿರು ಒಬ್ಬರಿಗೊಬ್ಬರು ಕಲಿಸಿದ ಪ್ರಶ್ನೆ ಅದು. ಅಂಗಡಿಗಳವರು ಅದನ್ನು ಏಜೆನ್ಸಿಗೆ ದಾಟಿಸಿದರು.

ಕಳೆದ ಆಡಿ ತಿಂಗಳ, ನಮ್ಮ ಆಷಾಢದ ಹೊತ್ತಿನ, ಒಂದು ಬೆಳಿಗ್ಗೆ ದಿವಾಕರ್ ಬಂದರು, ಹಿಂದೆ ಸರಕಿನ ಗಾಡಿ. ಗಾಡಿಯಲ್ಲಿ ವಿಂಡೋಸ್ ಇರುವ ಯಂತ್ರಗಳಿದ್ದವು, ಯಾವ ಆಪರೇಟಿಂಗ್ ಸಿಸ್ಟಮೂ ಇಲ್ಲದೆ, ಬೇಕಾದ್ದನ್ನು ಹಾಕಿಕೊಳ್ಳುವಂತೆ ಬರಿದಾಗಿ ಬಂದ ಯಂತ್ರಗಳೂ ಇದ್ದವು. ಏಜೆನ್ಸಿಯ ಕೊಯಮತ್ತೂರಿನ ಮಳಿಗೆಯಲ್ಲೇ ಈಗ ಎರಡು ಯಂತ್ರಗಳ ಮೇಜು ಹಾಕಿದ್ದಾರಂತೆ. ಚೀಲ ಎಲ್ಲಿ ಹೊಲಿಸಿದ್ದು ಎಂದು ಕೇಳಿದರು. ಗೋಮತಿ ದರ್ಜಿಯ ವಿಳಾಸ ಕೊಟ್ಟರು, ಹಳೆಯ ಮಾತು ಎತ್ತಲಿಲ್ಲ.

ಗೋಮತಿಗೆ ಇನ್ನೊಂದು ಆಸೆ ಉಳಿದಿದೆ. ಬೆಟ್ಟದ ಮೇಲಿನ ವಾಲ್ಪಾರೈಯ ಚಹಾ ತೋಟಗಳಲ್ಲಿ ಕೂಲಿಯವರ ಸಾಲು ಮನೆಗಳಾದ ಲೈನ್ ಮನೆಗಳವರು ಘಾಟಿ ಇಳಿದು ಬಸ್ಸಿನಲ್ಲಿ ಬಂದು, ಕೊಟ್ಟದ್ದನ್ನು ಹಿಡಿದು ಹತ್ತಿಹೋಗುತ್ತಾರೆ. ಸರಿಬರಲಿಲ್ಲವೆಂದು ಮತ್ತೆ ಇಳಿದು ಬರುವಷ್ಟು ಬಿಡುವು ಅವರಿಗಿಲ್ಲ. ಅಲ್ಲಿ ತಿಂಗಳಿಗೊಮ್ಮೆಯಾದರೂ ಎರಡು ಚೀಲ ಒಯ್ದು ಚಾಪೆ ಹಾಸಬೇಕು, ಅಷ್ಟೇ.

ಸರಕು ಇಳಿಸಿದ ಆ ಬೆಳಿಗ್ಗೆ ದಿವಾಕರ್ ಹೊರಡಲಿಲ್ಲ. ಮಗಳಿಗೆ ಒಂದು ಬೇಕು ಎಂದರು. ಗೋಮತಿ ಕಪಾಟಿನ ಕಡೆ ತಲೆಯಾಡಿಸಿದರು. ದಿವಾಕರ್ ತಾವೇ ಚೀಲಗಳನ್ನು ಇಳಿಸಿಕೊಂಡರು, ಇಟ್ಟರು, ಸ್ವಲ್ಪ ಯೋಚಿಸಿ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸರಿಸಿದರು, ಆಮೇಲೆ ನಾಚಿ ನಕ್ಕರು. ಗೋಮತಿ ಸ್ಟೂಲಿನ ಮೇಲೆ ಕೈಗಳನ್ನು ಮಡಿಲಲ್ಲಿ ಇಟ್ಟು ಕೂತಿದ್ದರು.

ಕೊನೆಗೆ ದಿವಾಕರ್ ಒಯ್ದದ್ದು ಯಾವುದು ಎಂದು ಸೋಮನೂರಿನಲ್ಲಿ ಎಲ್ಲರೂ ಕೇಳುತ್ತಾರೆ. ಗೋಮತಿಯ ಉತ್ತರ ಎಲ್ಲರಿಗೂ ಒಂದೇ.

"ನಾನು ಕೊಡ್ಲಿಲ್ಲ. ಅವರು ತಗೊಂಡ್ರು."